ಡಿಕ್ರಿಯ ತೃಪ್ತಿ

ಸಾಲದ ದಾವೆಯಲ್ಲಿ ದಿವಾಣಿ ನ್ಯಾಯಾಲಯವು ವಿಧಿಸಿದ ಹಣವನ್ನು ಋಣಿಯು ಸಲ್ಲಿಸಿ, ಆ ಸಂದಾಯವು ನ್ಯಾಯಾಲಯದ ದಾಖಲೆಯಲ್ಲಿ ನಮೂದಾಗಿ, ಡಿಕ್ರಿಯು ತೀರುವಳಿಯಾಗುವುದಕ್ಕೆ ಡಿಕ್ರಿಯ ತೃಪ್ತಿಯೆಂದು ಹೆಸರು. ಹಣ ಕೊಟ್ಟುದು ಒಂದು, ಕೊಟ್ಟುದು ದಾಖಲಾದುದು ಮತ್ತೊಂದು. ಇವೆರಡರ ನಡುವಣ ಅಂತರದಲ್ಲಿ ಸಿಲುಕಿ ನವೆದ ಋಣಿಗಳು ಅನೇಕರು.

ಈ ವಿಷಯಕ್ಕೆ ಆಧಾರವಾದುದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೆಯ ಆದೇಶ. ಚಿತ್ತಾಪುರ, ಸೇಡಂ, ಚಿಂಚೋಳಿಗಳನ್ನೊಳಗೊಂಡ ಕಲಬುರಗಿ ಸೀಮೆಯು ನಿಜಾಮರ ಆಳ್ವಿಕೆಯಲ್ಲಿದ್ದ ಕಾರಣ, ಸಂಹಿತೆಯು ಇಲ್ಲಿ ಜಾರಿಗೆ ಬಂದುದು 1951ರ ಏಪ್ರಿಲ್ 1ರಂದು. ಅಲ್ಲಿಯವರೆಗೆ ಹೈದರಾಬಾದ್ ಸಂಸ್ಥಾನದ ಸ್ವಂತ ಕಾನೂನು ನಡೆಯುತ್ತಿತ್ತು.

ಋಣಿಯು ಹಣವನ್ನು ನ್ಯಾಯಾಲಯದಲ್ಲಿ ಠೇವಣಿ ಇಟ್ಟು ಡಿಕ್ರಿದಾರನಿಗೆ ನೋಟಿಸು ಕೊಡಿಸಬಹುದು. ನೋಟಿಸು ತಲುಪಿದ ದಿನದಿಂದ ಬಡ್ಡಿ ನಿಲ್ಲುತ್ತದೆ. ಮನಿಯಾರ್ಡರಿನಿಂದಲೋ ಬ್ಯಾಂಕಿನ ಮೂಲಕವೋ ಲಿಖಿತ ಸಾಕ್ಷ್ಯವುಳ್ಳ ಬೇರೆ ರೀತಿಯಿಂದಲೋ ನೇರವಾಗಿಯೂ ಕೊಡಬಹುದು. ಆದರೆ ರಾವೂರಿನ ಹಾಸುಗಲ್ಲು ಗಣಿಯ ಕೂಲಿಕಾರನಾಗಲಿ, ತೊಗರಿ ಮಾರಿ ಬಂದ ರೈತನಾಗಲಿ, ಸಾಹುಕಾರನ ಗಾದಿಯ ಮುಂದೆ ನೋಟುಗಳನ್ನೆಣಿಸಿಟ್ಟು, ‘ಲೆಕ್ಕ ಚುಕ್ತಾ ಆತು, ಹೋಗಪ್ಪಾ’ ಎಂಬ ಬಾಯಿಮಾತನ್ನು ನಂಬಿ ಮನೆಗೆ ಮರಳಿದನೆಂದರೆ, ಡಿಕ್ರಿಯನ್ನು ಅಮಲುಮಾಡುವ ನ್ಯಾಯಾಲಯದ ದೃಷ್ಟಿಯಲ್ಲಿ ಅವನಿನ್ನೂ ಋಣಿಯೇ. ನ್ಯಾಯಾಲಯದ ಹೊರಗೆ ಸಂದ ಹಣವನ್ನು ಡಿಕ್ರಿದಾರನು ಪ್ರಮಾಣೀಕರಿಸತಕ್ಕದ್ದು; ಅವನು ಸುಮ್ಮನಿದ್ದರೆ ಋಣಿಯೇ 30 ದಿನಗಳೊಳಗಾಗಿ ಅರ್ಜಿ ಸಲ್ಲಿಸಿ ದಾಖಲು ಮಾಡಿಸಬೇಕು. 1976ರ ತಿದ್ದುಪಡಿಯ ಮೇಲಂತೂ, ನಿಯಮೋಕ್ತ ರೀತಿಯ ಸಂದಾಯವಾಗಲಿ, ಲಿಖಿತ ಪುರಾವೆಯಾಗಲಿ, ಡಿಕ್ರಿದಾರನ ಒಪ್ಪಿಗೆಯಾಗಲಿ ಇಲ್ಲದೆ ಋಣಿಯ ಮಾತನ್ನು ದಾಖಲಿಸುವಂತಿಲ್ಲ. ಸುಳ್ಳು ರಸೀದಿವಾದಗಳನ್ನು ತಡೆಯುವುದಕ್ಕೆ ಈ ಕಾಠಿನ್ಯ ಅವಶ್ಯವೆಂಬುದು ನಿಜವಾದರೂ, ಅದರ ಭಾರವೆಲ್ಲ ಬೀಳುವುದು ಕಾಗದಕ್ಕಿಂತ ಮಾತನ್ನು ಹೆಚ್ಚಾಗಿ ನಂಬುವ ಬಡವನ ಮೇಲೆಯೇ ಎಂಬುದನ್ನು ಹೇಳದಿರಲಾಗದು. ಡಿಕ್ರಿಯ ಅಮಲಿಗೆ 12 ವರ್ಷಗಳ ಅವಧಿಯಿರುವುದರಿಂದ, ಮರೆತ ಸಾಲವು ಜಪ್ತಿಯ ವಾರಂಟಾಗಿ ಬಾಗಿಲಿಗೆ ಬರಬಹುದು.

ತೃಪ್ತಿಯಾದ ಡಿಕ್ರಿಯನ್ನು ವಂಚನೆಯಿಂದ ಮತ್ತೆ ಅಮಲು ಮಾಡಿಸುವುದು ಅಪರಾಧವೂ ಹೌದು. ಭಾರತೀಯ ದಂಡ ಸಂಹಿತೆಯ 210ನೆಯ ಕಲಮು ಅದಕ್ಕೆ 2 ವರ್ಷಗಳವರೆಗೆ ಕಾರಾವಾಸವನ್ನು ವಿಧಿಸಿತ್ತು, ಅದರ ಸ್ಥಾನದಲ್ಲಿ ಬಂದ ಭಾರತೀಯ ನ್ಯಾಯ ಸಂಹಿತೆಯೂ ಈ ಅಪರಾಧವನ್ನು ಉಳಿಸಿಕೊಂಡಿದೆ.

ಹಣವು ಖರ್ಚುಸಹಿತ ಸಂದು ತೃಪ್ತಿ ದಾಖಲಾದೊಡನೆ ಜಪ್ತಿಯು ತೆರವಾದಂತೆಯೇ ಸರಿ. ಸ್ಥಿರಾಸ್ತಿಯ ವಿಷಯದಲ್ಲಿ ಋಣಿಯು ಬಯಸಿದರೆ ಆ ತೆರವನ್ನು ಊರಲ್ಲಿ ಸಾರಿಸಲೂಬಹುದು, ಆದರೆ ಅದರ ವೆಚ್ಚ ಅವನದೇ. ಪಹಣಿಯ ಋಣದ ಕಾಲಮಿನಲ್ಲಿ ಜಪ್ತಿ ನಮೂದಾಗಿದ್ದಲ್ಲಿ, ಆದೇಶದ ದೃಢೀಕೃತ ನಕಲನ್ನು ತಹಸೀಲ ಕಚೇರಿಗೆ ಕೊಟ್ಟು ಅದನ್ನು ಕಡಿಮೆ ಮಾಡಿಸಿಕೊಳ್ಳಬೇಕು.