ಎಪ್ಪತ್ತೈದು ಅಂದರೆ ಯಾರ ಲೆಕ್ಕದಲ್ಲಿ?

ಮಾಸೂರಿನ ಹತ್ತು ವರ್ಷದ ಹುಡುಗನೊಬ್ಬನಿಗೆ ಬುದ್ಧಿಮತ್ತೆ ಪರೀಕ್ಷೆ ಮಾಡಿಸಿದರು ಅಂದುಕೊಳ್ಳಿ. ಏಳೂವರೆ ವರ್ಷದವರು ಮಾಡೋವಷ್ಟನ್ನು ಮಾಡಿದ. ಏಳೂವರೆಯನ್ನು ಹತ್ತರಿಂದ ಭಾಗಿಸಿ, ನೂರರಿಂದ ಗುಣಿಸಿದರೆ 75. ರಿಪೋರ್ಟಿನಲ್ಲಿ ಒಂದೇ ಸಾಲು: ‘ಐಕ್ಯೂ 75’. ಬೌದ್ಧಿಕ ಅಂಗವೈಕಲ್ಯದ ಗಡಿ ಸಾಮಾನ್ಯವಾಗಿ 70ರ ಆಸುಪಾಸು. ಹುಡುಗ ಅದರ ಮೇಲಿದ್ದಾನೆ. ಸಿಗಬೇಕಾದ ನೆರವು ಕೈತಪ್ಪಬಹುದು.

ಸರಿ, ಆದರೆ ಏಳೂವರೆ ವರ್ಷದವರು ಇಷ್ಟು ಮಾಡ್ತಾರೆ ಅಂತ ಹೇಳಿದ್ದು ಯಾರನ್ನು ನೋಡಿ?

ಈ ಪರೀಕ್ಷೆಯ ಬೇರು ಪ್ಯಾರಿಸ್‌ನಲ್ಲಿದೆ. 1905ರಲ್ಲಿ ಆಲ್ಫ್ರೆಡ್ ಬಿನೆ ಮತ್ತು ಸಿಮೊನ್ ಅದನ್ನು ರೂಪಿಸಿದರು. 1916ರಲ್ಲಿ ಸ್ಟ್ಯಾನ್‌ಫೋರ್ಡ್‌ನ ಟರ್ಮನ್ ಅಮೆರಿಕದ ಮಕ್ಕಳಿಗೆ ಹೊಂದಿಸಿದರು. ನಮ್ಮ ಕಡೆಗೆ ತಂದವರು ಧಾರವಾಡದ ವಿ. ವಿ. ಕಾಮತ್. ಮಾಸೂರು ಆಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯ ಊರು; ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ.

ಕಾಮತ್ ಪ್ರಶ್ನೆಗಳನ್ನು ಅನುವಾದಿಸಿ ಕೈತೊಳೆದುಕೊಳ್ಳಲಿಲ್ಲ. ಇಲ್ಲಿನ ಮಕ್ಕಳಿಗೇ ಕೇಳಿ, ಯಾವ ಪ್ರಶ್ನೆ ಯಾವ ವಯಸ್ಸಿಗೆ ಸರಿ ಅಂತ ನೋಡಿದರು. 1934ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಅದರ ವರದಿ ಬಂತು. ಅದರ ಶೀರ್ಷಿಕೆಯಲ್ಲೇ, ಇದು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳದ್ದು ಅಂತ ನಮೂದಿಸಿದ್ದರು. 1940ರಲ್ಲಿ ಪುಸ್ತಕವೂ ಬಂತು. ಬಿನೆ-ಕಾಮತ್ ಪರೀಕ್ಷೆ ಅನ್ನೋ ಹೆಸರಿನಲ್ಲಿ ಅದು ನಮ್ಮ ಕ್ಲಿನಿಕ್‌ಗಳಲ್ಲಿ ಬಹುಕಾಲ ಉಳಿಯಿತು.

ಕಾಮತರು ಶೀರ್ಷಿಕೆಯಲ್ಲಿಟ್ಟ ಮಾಹಿತಿ, ಕೊನೆಗೆ ಹುಡುಗನ ರಿಪೋರ್ಟಿಗೆ ಬರುವಷ್ಟರಲ್ಲಿ ಮಾಯ!

ಇದೇನು ಸಣ್ಣ ವಿಷಯವಲ್ಲ. 1984ರಲ್ಲಿ ಜೇಮ್ಸ್ ಫ್ಲಿನ್ ಅಮೆರಿಕದ ಹಳೆಯ ಅಂಕಿಅಂಶಗಳನ್ನು ಜೋಡಿಸಿ ನೋಡಿದರು. 1932ರಿಂದ 1978ರ ನಡುವೆ ಅಲ್ಲಿನ ಸರಾಸರಿ ಸುಮಾರು 14 ಅಂಕ ಏರಿತ್ತು. ಅಂದರೆ ಹಳೇ ಮಕ್ಕಳ ಪಕ್ಕ ನಿಲ್ಲಿಸಿದರೆ ಇಂದಿನ ಮಗುವಿನ ಅಂಕ ಉಬ್ಬಿ ಕಾಣುತ್ತೆ. ಆ 14 ಅನ್ನು ಹಾಗೇ ಎತ್ತಿ ಮಾಸೂರಿನ ಹುಡುಗನ ಅಂಕದಿಂದ ಕಳೆಯೋ ಹಾಗಿಲ್ಲ; ಅದು ಅಮೆರಿಕದ ಲೆಕ್ಕ. ಆದರೆ ಐದೇ ಅಂಕದ ಅಂತರದಲ್ಲಿ ಒಬ್ಬನ ನೆರವು ನಿಂತಿರುವಾಗ, ಹೋಲಿಕೆ ಯಾರ ಜತೆ ಅನ್ನೋದನ್ನು ಬಿಟ್ಟುಬಿಡೋದು ಹೇಗೆ?

ಹಾಗಾಗಿ ರಿಪೋರ್ಟಿನಲ್ಲಿ ಅಂಕದ ಜತೆ ಇನ್ನೂ ನಾಲ್ಕು ಮಾತು ಬೇಕು: ಯಾವ ಪರೀಕ್ಷೆ, ಯಾವ ಭಾಷೆಯಲ್ಲಿ, ಯಾವ ಕಾಲದ ಯಾವ ಮಕ್ಕಳೊಂದಿಗೆ ಹೋಲಿಕೆ, ಅಳತೆ ಎಷ್ಟು ಆಚೀಚೆ ಆಗಬಹುದು. ನಿಮ್ಮ ಮನೆಯ ಮಗುವಿನ ರಿಪೋರ್ಟ್ ಕೈಗೆ ಬಂದರೆ ಈ ನಾಲ್ಕನ್ನೂ ಕೇಳಿ. ಸಂಕೋಚ ಬೇಡ.