ಹೆಬ್ಬಾವಿನ ಶೈತ್ಯಸಹಿಷ್ಣುತೆ: ಪರೀಕ್ಷೆಗಳ ಇತಿಹಾಸ

ಉಷ್ಣವಲಯದ ದೈತ್ಯಸರ್ಪಗಳು, ವಿಶೇಷವಾಗಿ ಭಾರತದ ಹೆಬ್ಬಾವೂ ಅದರ ದಾಯಾದಿಯಾದ ಬರ್ಮಾ ಹೆಬ್ಬಾವೂ, ಚಳಿ ಹೆಚ್ಚಾದ ಸೀಮೆಗಳ ಮಾಗಿಯನ್ನು ಕಳೆದು ಬದುಕಬಲ್ಲವೇ ಎಂಬುದನ್ನು ಪ್ರಯೋಗದಿಂದಲೂ ಕ್ಷೇತ್ರವೀಕ್ಷಣೆಯಿಂದಲೂ ಅರಿಯುವ ಪ್ರಯತ್ನಗಳು ಈ ಲೇಖನದ ವಿಷಯ. ಹೈದರಾಬಾದಿನಂಥ ಕಡೆಯಲ್ಲಿ ಮಾಗಿಯ ರಾತ್ರಿ 10 ಡಿಗ್ರಿ ಸೆಲ್ಸಿಯಸ್‌ನ ಸಮೀಪಕ್ಕೆ ಇಳಿದರೂ ಮರುದಿನದ ಬಿಸಿಲು ಸಾಮಾನ್ಯವಾಗಿ 25 ಡಿಗ್ರಿಯನ್ನು ಮೀರುವುದರಿಂದ, ರಾತ್ರಿ ಕಳೆದುಕೊಂಡ ಶಾಖವನ್ನು ದಖ್ಖನದ ಹಾವು ಮಧ್ಯಾಹ್ನದೊಳಗೆ ಮರಳಿ ಪಡೆಯುತ್ತದೆ; ಹಗಲಿರುಳೂ ಶೈತ್ಯ ಸಡಿಲದ ನಾಡಿನಲ್ಲಿ ಅದರ ಗತಿಯೇನೆಂಬುದೇ ಇಲ್ಲಿನ ಪ್ರಶ್ನೆ.

ಹೆಬ್ಬಾವಿನ ದೇಹೋಷ್ಣದ ಅಧ್ಯಯನ ಮೊದಲಾದದ್ದು ಮಾಗಿಯ ಸಂಬಂಧದಲ್ಲಲ್ಲ, ಮೊಟ್ಟೆಗೆ ಕಾವು ಕೊಡುವ ಸಂಬಂಧದಲ್ಲಿ. ಪ್ಯಾರಿಸಿನಲ್ಲಿ ಮೊಟ್ಟೆಗಳನ್ನು ಸುತ್ತಿ ಮಲಗಿದ್ದ ಹೆಣ್ಣು ಹೆಬ್ಬಾವಿನ ಮೈ ಸುತ್ತಲಿನ ಗಾಳಿಗಿಂತ ಬೆಚ್ಚಗಿರುವುದನ್ನು 1841ರಲ್ಲಿ ಅಶಿಲ್ ವಾಲೆನ್ಸಿಯೆನ್ ವರದಿಮಾಡಿದನು. ತಾಯಿಹಾವು ತನ್ನ ಸ್ನಾಯುಗಳನ್ನು ಮತ್ತೆ ಮತ್ತೆ ಸೆಳೆತದಿಂದ ಬಿಗಿದು ಸಡಿಲಿಸುತ್ತ ಈ ಶಾಖವನ್ನು ಹುಟ್ಟಿಸುವುದೆಂದು ನ್ಯೂಯಾರ್ಕಿನ ಮೃಗಾಲಯದ ಹಾವೊಂದರ ಮೇಲೆ ನಡೆದು 1966ರಲ್ಲಿ ಪ್ರಕಟವಾದ ಅಧ್ಯಯನ ಸ್ಥಾಪಿಸಿತು. ಆದರೆ ಇದು ಕಾವಿನ ಕಾಲಕ್ಕೆ ಸೀಮಿತವಾದ ಶಕ್ತಿ, ಮಾಗಿಯಲ್ಲಿ ಒದಗುವಂಥದಲ್ಲ.

ಮಾಗಿಯ ಪ್ರಶ್ನೆಗೆ ನಿಸರ್ಗವೇ ಕೊಟ್ಟ ಉತ್ತರವೊಂದನ್ನು ರಾಜಸ್ಥಾನದ ಭರತಪುರದಲ್ಲಿ ಕಾಣಬಹುದು. ಅಲ್ಲಿಯ ಕೇವಲಾದೇವ ರಾಷ್ಟ್ರೀಯ ಉದ್ಯಾನದ ಹೆಬ್ಬಾವುಗಳನ್ನು ಕುರಿತು ಎಸ್. ಭೂಪತಿ ಮತ್ತು ವಿ. ಎಸ್. ವಿಜಯನ್ 1989ರಲ್ಲಿ ಬರೆದರು. ಚಳಿ ಬಲಿತಾಗ ಈ ಹಾವುಗಳು ಮುಳ್ಳುಹಂದಿಯ ಬಿಲಗಳನ್ನು ಸೇರಿ, ಬಿಸಿಲೇರಿದ ಮೇಲೆ ಬಿಲದ ಬಾಯಿಗೆ ಬಂದು ಮೈಚಾಚಿ ಕಾಯಿಸಿಕೊಂಡು, ಹೊತ್ತಿಳಿಯುವುದರೊಳಗೆ ಮತ್ತೆ ಒಳಸರಿಯುತ್ತವೆ.

ಪ್ರಶ್ನೆ ತೀವ್ರಗೊಂಡದ್ದು ಅಮೆರಿಕದ ಫ್ಲಾರಿಡಾದಲ್ಲಿ. ಸಾಕುವುದಕ್ಕೆಂದು ತರಿಸಿದ ಬರ್ಮಾ ಹೆಬ್ಬಾವುಗಳು ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬೇರೂರಿ ಸಂತಾನ ಬೆಳೆಸಿರುವುದು 2000ದ ಸುಮಾರಿಗೆ ಖಚಿತವಾಗಲು, ಅವು ಉತ್ತರಕ್ಕೆ ಎಲ್ಲಿಯವರೆಗೆ ಹಬ್ಬಬಲ್ಲವೆಂಬ ಚರ್ಚೆ ಎದ್ದಿತು. ಏಷ್ಯದ ನೆಲೆಗಳ ಹವೆಯನ್ನು ಹೋಲಿಸಿ 2008ರಲ್ಲಿ ಸಿದ್ಧವಾದ ಒಂದು ನಕ್ಷೆಯು ದೇಶದ ದಕ್ಷಿಣಾರ್ಧದ ಬಹುಭಾಗ ಅವಕ್ಕೆ ಒಗ್ಗುವುದೆಂದು ಸೂಚಿಸಿದರೆ, ಅದೇ ವರ್ಷದ ಇನ್ನೊಂದು ನಕ್ಷೆಯು ಆ ವ್ಯಾಪ್ತಿಯನ್ನು ಬಹಳ ಕುಗ್ಗಿಸಿತು.

ಈ ವಿವಾದವನ್ನು ಪ್ರತ್ಯಕ್ಷ ಪರೀಕ್ಷೆಯಿಂದ ತೂಗಲು, ಎವರ್‌ಗ್ಲೇಡ್ಸಿನಲ್ಲಿ ಹಿಡಿದ 10 ಗಂಡು ಹೆಬ್ಬಾವುಗಳ ಮೈಯೊಳಗೆ ರೇಡಿಯೋ ಪ್ರೇಷಕವನ್ನೂ ಉಷ್ಣಾಂಶ ದಾಖಲಿಸುವ ಪುಟ್ಟ ಯಂತ್ರವನ್ನೂ ಇರಿಸಿ, 2009ರ ಜೂನಿನಲ್ಲಿ ದಕ್ಷಿಣ ಕೆರೊಲಿನಾದ ಸವಾನಾ ನದಿ ಪರಿಸರವಿಜ್ಞಾನ ಪ್ರಯೋಗಾಲಯದ ಆವರಣವೊಂದರಲ್ಲಿ ಬಿಡಲಾಯಿತು. ಕೊಳವೂ ನೆಲದಡಿಯ ಅಡಗುದಾಣಗಳೂ ಅಲ್ಲಿದ್ದುವು. ಹಾವುಗಳು ಹೊಸ ನೆಲೆಗೆ ಹೊಂದಿಕೊಂಡು, ದಕ್ಷಿಣ ಫ್ಲಾರಿಡಾದ ವಾಡಿಕೆಗಿಂತ ಹೆಚ್ಚಿನ ಚಳಿಯನ್ನು ಬಹುಕಾಲ ತಾಳಿದವಾದರೂ, ನೀರು ಹೆಪ್ಪುಗಟ್ಟುವ ರಾತ್ರಿಗಳಲ್ಲಿ ಹೆಚ್ಚಿನವು ತಕ್ಕ ಆಸರೆಯನ್ನು ಅರಸದೆ ಸತ್ತವು; ಆಸರೆ ಸೇರಿದ್ದ ಉಳಿದವು 2010ರ ಜನವರಿಯ ಅಸಾಧಾರಣ ಶೈತ್ಯಕ್ಕೆ ಬಲಿಯಾದವು. ಅದೇ ತಿಂಗಳು ಎವರ್‌ಗ್ಲೇಡ್ಸಿನಲ್ಲಿಯೇ ರೇಡಿಯೋ ಹೊತ್ತಿದ್ದ 10 ಹಾವುಗಳಲ್ಲಿ 9 ಮಡಿದರೂ, ರೇಡಿಯೋ ಇಲ್ಲದೆ ಕಂಡುಬಂದ 99ರಲ್ಲಿ 59 ಜೀವಂತವಾಗಿದ್ದುವು. ಬರ್ಮಾ ಹೆಬ್ಬಾವಿನ ಆಮದನ್ನು ಅಮೆರಿಕ 2012ರಲ್ಲಿ ನಿಷೇಧಿಸಿತು.

ಒಟ್ಟಿನಲ್ಲಿ ಈ ಪರೀಕ್ಷೆಗಳು ತೋರಿಸಿರುವುದೇನೆಂದರೆ, ಸಹಿಷ್ಣುತೆಯು ಮೈಯ ಗುಣವಾಗಿರುವಷ್ಟೇ ನಡತೆಯ ಗುಣವೂ ಆಗಿದೆ. ಹೊರಗಿನ ಹವೆಯನ್ನು ಮಾತ್ರ ಎಣಿಸಿದ ನಕ್ಷೆಗೆ ನೆಲದೊಳಗಿನ ಬೆಚ್ಚನೆಯ ಲೆಕ್ಕ ಸಿಕ್ಕಿರಲಿಲ್ಲ. ಅದೂ ಅಲ್ಲದೆ ಪರೀಕ್ಷೆಗೊಳಗಾದ ಪೀಳಿಗೆಯೇ ಕಡೆಯದಲ್ಲ: ಫ್ಲಾರಿಡಾದ ಹೆಬ್ಬಾವುಗಳಲ್ಲಿ ಹೊಸ ಪರಿಸರಕ್ಕೆ ಹೊಂದುವ ಆನುವಂಶಿಕ ಮಾರ್ಪಾಡುಗಳು ತ್ವರಿತವಾಗಿ ನಡೆದಿರುವುದಕ್ಕೆ 2018ರ ಅಧ್ಯಯನವೊಂದು ಸಾಕ್ಷ್ಯವಿತ್ತಿದೆ. ಭರತಪುರದಲ್ಲಿ ಮುಳ್ಳುಹಂದಿಯ ಬಿಲವಿದ್ದಂತೆ ಫ್ಲಾರಿಡಾದಲ್ಲಿ ಗೋಫರ್ ಆಮೆಯು ತೋಡಿದ ಬಿಲಗಳನ್ನು ಈ ಹಾವುಗಳು ಆಶ್ರಯಿಸುವುದು ಕಂಡುಬಂದಿರುವ ಕಾರಣ, ಹೆಬ್ಬಾವಿನ ಉತ್ತರದ ಗಡಿಯನ್ನು ಗುರುತಿಸುವವರು ಹವಾಮಾನದೊಡನೆ ಬಿಲ ತೋಡುವ ಪ್ರಾಣಿಗಳ ವ್ಯಾಪ್ತಿಯನ್ನೂ ಗಣಿಸಬೇಕಾಗುತ್ತದೆ.