ಹೆಸರು ನಿಲ್ಲದ ಹಕ್ಕಿ

ಮುಂಬೈಯ ಬೈಕುಲ್ಲಾದಲ್ಲಿ, ರಾಣಿಬಾಗಿಗೆ ಅಂಟಿಕೊಂಡಂತೆ, ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯವಿದೆ. 1872ರಲ್ಲಿ ಜನರಿಗೆ ತೆರೆದಾಗ ಅದರ ಹೆಸರು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. 1883ರ ಸೆಪ್ಟೆಂಬರ್ 15ರಂದು ಎಂಟು ಜನ ಅಲ್ಲಿ ಕೂಡಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಹುಟ್ಟುಹಾಕಿದರು. ಅವರಲ್ಲಿ ಇಬ್ಬರು ಇಲ್ಲಿನವರು, ಇಬ್ಬರೂ ವೈದ್ಯರು: ಪ್ರಾರ್ಥನಾ ಸಮಾಜದ ಆತ್ಮಾರಾಮ್ ಪಾಂಡುರಂಗ ಮತ್ತು ಸಸ್ಯಶಾಸ್ತ್ರ ಬಲ್ಲ ಸಖಾರಾಮ್ ಅರ್ಜುನ್. ಉಳಿದ ಆರು ಜನರ ಪೈಕಿ ಉಪ್ಪು-ಸುಂಕದ ಇಲಾಖೆಯ ಇ.ಎಚ್. ಐಟ್ಕನ್ ಉತ್ತರ ಕನ್ನಡಕ್ಕೆ ಹತ್ತಿರದವನು. ಕಾರವಾರದ ಕಾಡು ಸುತ್ತಿ, ಕಂಡ ಜೀವಿಗಳ ಬಗ್ಗೆ ಓದಿದವರು ನಗುವ ಹಾಗೆ ಬರೆದ.

ಕಂಡದ್ದನ್ನು ಹೇಳಿಕೊಳ್ಳುವುದು, ಸಿಕ್ಕ ಮಾದರಿಗಳನ್ನು ತಂದು ತೋರಿಸುವುದು, ಇಷ್ಟೇ ಅವರ ಉದ್ದೇಶ. ಮರುವರ್ಷವೇ ಸೊಸೈಟಿ ಬೈಕುಲ್ಲಾ ಬಿಟ್ಟು, ಫೋರ್ಬ್ಸ್ ಸ್ಟ್ರೀಟಿನಲ್ಲಿದ್ದ ಮದ್ಯದ ವ್ಯಾಪಾರಿ ಎಚ್.ಎಂ. ಫಿಪ್ಸನ್‌ನ ಅಂಗಡಿಯ ಕೋಣೆಗೆ ಹೋಯಿತು. 1886ರಿಂದ ಅದರ ಜರ್ನಲ್ ಹೊರಡತೊಡಗಿತು. ಪಶ್ಚಿಮ ಘಟ್ಟದ ಹಕ್ಕಿಗಳ ಬಗ್ಗೆ ಆಮೇಲೆ ಬರೆದವರು ಯಾರೂ ಆ ಜರ್ನಲನ್ನು ದಾಟಿಕೊಂಡು ಹೋಗುವಂತಿಲ್ಲ.

ಆ ಕಾಲದ ಪಕ್ಷಿಶಾಸ್ತ್ರ ನಿಂತಿದ್ದು ಚರ್ಮದ ಮೇಲೆ. ಹಕ್ಕಿಯನ್ನು ಹೊಡೆದು, ಒಳಗಿನದನ್ನೆಲ್ಲ ತೆಗೆದು, ಹುಳ ಹಿಡಿಯದಂತೆ ಪಾಷಾಣ ಸವರಿ, ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟಿ ಡ್ರಾಯರಿನಲ್ಲಿ ಮಲಗಿಸುತ್ತಿದ್ದರು. ಬಣ್ಣ, ಕೊಕ್ಕು, ರೆಕ್ಕೆಯ ಉದ್ದ ಉಳಿಯುತ್ತಿದ್ದವು. ಹಾಡು ಉಳಿಯುತ್ತಿರಲಿಲ್ಲ. ಹೆಸರಿಡುವವರ ಕೈಗೆ ಬರುತ್ತಿದ್ದದ್ದು ಇಷ್ಟು ಮಾತ್ರ. ಇದರಿಂದ ಏನಾಗುತ್ತದೆ ಎಂಬುದಕ್ಕೆ ನೀಲಗಿರಿ, ಬ್ರಹ್ಮಗಿರಿಗಳ ತಲೆಯ ಮೇಲೆ ಬದುಕುವ ಒಂದು ಸಣ್ಣ ಹಕ್ಕಿಯ ಕಥೆ ಸಾಕು.

ಗುಬ್ಬಿಗಿಂತ ತುಸು ಉದ್ದ. ಸುಮಾರು 15 ಸೆಂಟಿಮೀಟರ್. ಬೆನ್ನು, ಎದೆ ಮಂಕು ನೀಲಿ, ಪಕ್ಕೆಗಳು ಇಟ್ಟಿಗೆಗೆಂಪು, ಕಾಲು ಉದ್ದ. ಬೆಟ್ಟದ ನೆತ್ತಿಯ ಹುಲ್ಲುಗಾವಲಿನ ನಡುವೆ, ನೀರು ನಿಲ್ಲುವ ಮಡಿಲುಗಳಲ್ಲಿ ಕುಳ್ಳ ಮರಗಳು ಒತ್ತಾಗಿ ಬೆಳೆದ ಶೋಲಾ ಕಾಡೇ ಇದರ ಮನೆ. ನೆಲಕ್ಕೆ ಹತ್ತಿರವಾಗಿ, ಪೊದೆಯ ಕತ್ತಲೆಯಲ್ಲಿ ಹುಳ ಹೆಕ್ಕುತ್ತದೆ. ಕಣ್ಣಿಗೆ ಬೀಳುವುದು ಅಪರೂಪ, ಕಿವಿಗೆ ಬೀಳುವುದೇ ಹೆಚ್ಚು. ದಂಡೆಯ ಅಥವಾ ಮರದ ಪೊಟರೆಯಲ್ಲಿ ಪಾಚಿಯ ಗೂಡು ಕಟ್ಟುತ್ತದೆ.

1840ರ ದಶಕದಲ್ಲಿ ಮದ್ರಾಸ್ ಸೈನ್ಯದ ವೈದ್ಯ ಥಾಮಸ್ ಜೆರ್ಡನ್ ನೀಲಗಿರಿಯ ಈ ಹಕ್ಕಿಯನ್ನು ವಿಜ್ಞಾನಕ್ಕೆ ಪರಿಚಯಿಸಿದ. ಕೆಂಬಾಲದ ಹಕ್ಕಿಗಳ ಕುಲಕ್ಕೆ ಸೇರಿಸಿ ‘ಫೀನಿಕ್ಯುರ ಮೇಜರ್’ ಎಂದು ಕರೆದ. ಇದರ ಬಾಲದಲ್ಲಿ ಕೆಂಪೇ ಇಲ್ಲ! ಆಮೇಲೆ ಅದನ್ನು ‘ಕ್ಯಾಲೀನ್’ ಕುಲಕ್ಕೆ ಸಾಗಿಸಿದರು. 1868ರಲ್ಲಿ ಡಬ್ಲ್ಯು.ಟಿ. ಬ್ಲ್ಯಾನ್‌ಫೋರ್ಡ್ ಪಳನಿ ಬೆಟ್ಟದ ಬಿಳಿಹೊಟ್ಟೆಯ ಹಕ್ಕಿಯನ್ನು ಬೇರೆ ಪ್ರಭೇದವೆಂದು ವರ್ಣಿಸಿದ. ಅದರ ಮಾದರಿ ಕೊಟ್ಟವನು ಅಹಮದ್‌ನಗರದ ಅಮೆರಿಕನ್ ಮಿಷನರಿ ಎಸ್.ಬಿ. ಫೇರ್‌ಬ್ಯಾಂಕ್. ಬೆಳಗಾವಿ ಸುತ್ತಿನ ಹಕ್ಕಿಗಳ ಪಟ್ಟಿಯನ್ನೂ ಮುಂದೆ ಇವನು ಪ್ರಕಟಿಸಿದ.

ಇಪ್ಪತ್ತನೇ ಶತಮಾನದಲ್ಲಿ ಎರಡೂ ‘ಬ್ರ್ಯಾಕಿಪ್ಟೆರಿಕ್ಸ್’, ಅಂದರೆ ಗಿಡ್ಡರೆಕ್ಕೆಯವು ಆದವು. ಬೈಕುಲ್ಲಾದಲ್ಲಿ ಹುಟ್ಟಿದ ಸೊಸೈಟಿಯ ಬೆನ್ನೆಲುಬಾಗಿದ್ದ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಹ್ಯೂ ವಿಸ್ಲರ್ ಜೊತೆ ಬರೆದ ಅದರ ವರದಿ 1942–43ರಲ್ಲಿ ಸೊಸೈಟಿಯ ಜರ್ನಲ್‌ನಲ್ಲಿ ಕಂತುಕಂತಾಗಿ ಬಂತು. ಆದರೆ ಅದೇ ಸಲೀಂ ಅಲಿ, ಡಿಲನ್ ರಿಪ್ಲಿ ಜೊತೆ ಬರೆದ ದೊಡ್ಡ ಕೈಪಿಡಿಯಲ್ಲಿ ಕೆಂಪು ಪಕ್ಕೆಯದನ್ನೂ ಬಿಳಿಹೊಟ್ಟೆಯದನ್ನೂ ಒಂದೇ ಪ್ರಭೇದದ ಎರಡು ಉಪಪ್ರಭೇದಗಳಾಗಿ ಇಟ್ಟರು. ಅವರನ್ನು ದೂರುವುದು ಸರಿಯಲ್ಲ. ಡ್ರಾಯರಿನಲ್ಲಿ ಅಕ್ಕಪಕ್ಕ ಮಲಗಿಸಿದರೆ ಎರಡೂ ಅಣ್ಣತಮ್ಮಂದಿರಂತೆಯೇ ಕಾಣುತ್ತವೆ. 2005ರಲ್ಲಿ ಪಮೇಲಾ ರಾಸ್ಮುಸೆನ್ ಮತ್ತು ಜಾನ್ ಆ್ಯಂಡರ್‌ಟನ್ ಇವನ್ನು ಮತ್ತೆ ಬೇರೆ ಮಾಡಿ ಇನ್ನೊಂದು ಕುಲಕ್ಕೆ, ‘ಮಯೋಮೆಲಾ’ಕ್ಕೆ ದಾಟಿಸಿದರು.

ಅಷ್ಟರಲ್ಲಿ ಕೆಲಸದ ರೀತಿಯೇ ಬದಲಾಗುತ್ತಿತ್ತು. ವಿ.ವಿ. ರಾಬಿನ್ ಮತ್ತು ಸಂಗಡಿಗರು ಬೆಟ್ಟದಿಂದ ಬೆಟ್ಟಕ್ಕೆ ಹೋಗಿ, ನವುರಾದ ಬಲೆಯಲ್ಲಿ ಹಕ್ಕಿ ಹಿಡಿದು, ಒಂದೆರಡು ಹನಿ ರಕ್ತ ತೆಗೆದು ಹಾರಲು ಬಿಟ್ಟರು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಇದರಲ್ಲಿ ಜೊತೆಗಿದ್ದರು. ಸುಮಾರು 30–40 ಕಿಲೋಮೀಟರ್ ಅಗಲದ ಪಾಲಕ್ಕಾಡ್ ಕಣಿವೆಯ ಆಚೀಚಿನ ಹಕ್ಕಿಗಳು ಬಹು ಹಿಂದೆಯೇ ಬೇರೆಯಾಗಿವೆ ಎಂದು 2010ರ ಅವರ ಪ್ರಬಂಧ ತೋರಿಸಿತು. ನಮಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ತಂಪಿನ ಶೋಲಾ ಬಿಟ್ಟಿಳಿಯದ ಹಕ್ಕಿಗೆ ಆ ಬಿಸಿ ಬಯಲು ಸಮುದ್ರವಿದ್ದ ಹಾಗೆ. ಬೆಟ್ಟದ ತುದಿಗಳೇ ದ್ವೀಪಗಳು.

2017ರಲ್ಲಿ ಇನ್ನೊಂದು ಸೋಜಿಗ ಹೊರಬಿತ್ತು. ಈ ಹಕ್ಕಿ ಕೆಂಬಾಲವೂ ಅಲ್ಲ, ಗಿಡ್ಡರೆಕ್ಕೆಯೂ ಅಲ್ಲ. ಹಿಮಾಲಯದ ಕಡೆಯ ನಿಲ್ಟಾವಾ ಮುಂತಾದ ನೊಣಹಿಡುಕಗಳ ದೂರದ ನೆಂಟ. ಘಟ್ಟದ ನೆತ್ತಿಯಲ್ಲಿ ಒಂಟಿಯಾಗಿ ಕವಲೊಡೆದ ಅದಕ್ಕೆ ಹೊಸ ಕುಲವೇ ಬೇಕಾಯಿತು. ‘ಶೋಲಿಕೋಲಾ’, ಶೋಲಾವಾಸಿ, ಎಂದು ಕರೆದರು. ಬಳಕೆಗೆ ಬಂದ ಹೆಸರು ‘ಶೋಲಕಿಳಿ’. ಕಿಳಿ ಎಂದರೆ ಮಲಯಾಳದಲ್ಲಿ ಹಕ್ಕಿ. ಕನ್ನಡದ ಕಿವಿಗೆ ಗಿಳಿ ಎಂದೇ ಕೇಳುತ್ತದೆ, ಆದರೆ ಗಿಳಿಗೂ ಇದಕ್ಕೂ ಸಂಬಂಧವಿಲ್ಲ. ಅಂತೂ ಜೆರ್ಡನ್ ಕಾಲದಿಂದ ಮನೆ ಬದಲಿಸುತ್ತ ಬಂದ ಹಕ್ಕಿಗೆ ಅದು ಇರುವ ಕಾಡಿನ ಹೆಸರೇ ಸಿಕ್ಕಿತು.

ಕಾಡಿನ ಗತಿ ಮಾತ್ರ ಅಷ್ಟು ಚೆನ್ನಾಗಿಲ್ಲ. ಚಹಾ ತೋಟ, ನೀಲಗಿರಿ ಮರ, ವ್ಯಾಟಲ್ ನೆಡುತೋಪುಗಳು ಶೋಲಾ-ಹುಲ್ಲುಗಾವಲನ್ನು ತುಂಡು ಮಾಡಿವೆ. ಪಳನಿಯಲ್ಲಂತೂ ನಾಲ್ಕು ದಶಕದಲ್ಲಿ ಹುಲ್ಲುಗಾವಲಿನ ಮೂರನೇ ಎರಡು ಪಾಲು ಹೋಗಿದೆ. ನೀಲಗಿರಿ ಶೋಲಕಿಳಿ ಇವತ್ತು ಅಳಿವಿನಂಚಿನ ಪಟ್ಟಿಯಲ್ಲಿದೆ. ಡ್ರಾಯರಿನಲ್ಲಿ ಎಂದೂ ಕೇಳಿಸದ ಹಾಡನ್ನು ರಾಬಿನ್ ತಂಡ ಬಿಳಿಹೊಟ್ಟೆಯ ಹಕ್ಕಿಯಲ್ಲಿ ಅಳೆದು ನೋಡಿತು. ದೊಡ್ಡ ಕಣಿವೆಗಳ ಆಚೀಚೆ ಹಾಡು ಬೇರೆಯಾಗಿರುವುದು ನಿರೀಕ್ಷಿತವೇ. ಮನುಷ್ಯ ಈಚೆಗೆ ಕಾಡು ಕಡಿದು ಬೇರ್ಪಡಿಸಿದ ತುಂಡುಗಳಲ್ಲೂ ಹಕ್ಕಿಗಳು ಬೇರೆ ಬೇರೆ ಧಾಟಿಯಲ್ಲಿ ಹಾಡುತ್ತಿದ್ದವು.